ಬೀಗದೊಳಗಿನ ಮದ್ದು, ಸೊಪ್ಪಿನ ಮೇಲಿನ ಮದ್ದು

ಸರ್ವಾಸಿನ್ ಎಂಬ ಮದ್ದಿಗೆ ಆ ಕಾಲದಲ್ಲಿ ಚಿನ್ನಕ್ಕಿಂತ ಹೆಚ್ಚಿನ ಕಾವಲಿತ್ತು. ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ಗೋಡೆಗೆ ಬೋಲ್ಟು ಹಾಕಿ ಕೂರಿಸಿದ ಒಂದು ಉಕ್ಕಿನ ಡಬ್ಬಿ, ಅದರೊಳಗೆ ತಣ್ಣಗೆ ಮಲಗಿದ ನಾಲ್ಕಾರು ಸೀಸೆ. ಡಬ್ಬಿಗೆ ಕೀಲಿಕೈ ಎಂಬುದೇ ಇರಲಿಲ್ಲ. ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಕೂತ ತಜ್ಞರು ರೋಗಿಯ ವಿವರ ನೋಡಿ, ಒಪ್ಪಿ, ಬೆರಳೊತ್ತಿದರೆ ಮಾತ್ರ ದೂರದ ಊರಿನಲ್ಲಿ ಡಬ್ಬಿಯ ಬಾಯಿ ತೆರೆಯುತ್ತಿತ್ತು. ಸುತ್ತಿಗೆಯಲ್ಲಿ ಬಡಿದು ನೋಡಿದವರೂ ಇದ್ದರು, ಡಬ್ಬಿ ಜಗ್ಗಲಿಲ್ಲ.

ಇಷ್ಟೊಂದು ಬಿಗಿ ಸುಮ್ಮನೆ ಬಂದದ್ದಲ್ಲ. ಹಿಂದಿನವರು ನೆಗಡಿಗೊಂದು, ಭೇದಿಗೊಂದು, ಮದುವೆ ಊಟ ಅರಗದಿದ್ದರೆ ಇನ್ನೊಂದು ಎಂದು ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ಕಡಲೆಪುರಿಯಂತೆ ಕೊಂಡು ತಿಂದು, ಎರಡು ದಿನಕ್ಕೆ ಹಗುರಾದ ಕೂಡಲೇ ಉಳಿದದ್ದನ್ನು ಗೂಡಿನಲ್ಲಿಟ್ಟು, ಹಳೆಯ ಮದ್ದುಗಳನ್ನೆಲ್ಲ ಮೊಂಡು ಮಾಡಿಟ್ಟಿದ್ದರು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಕೊನೆಗೆ ಉಳಿದ ಈ ಒಂದಕ್ಕೆ ಸರ್ಕಾರ ಬೀಗ ಜಡಿದಿತ್ತು.

ಆ ಕೊಠಡಿಯ ಹಿರಿಯ ತಜ್ಞೆ ಡಾ. ಗಂಗರತ್ನ. ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆತನದವಳು, ರೋಗಾಣುಗಳನ್ನು ಓದಿ ದೊಡ್ಡವಳಾದವಳು. 'ಇಲ್ಲ' ಎನ್ನುವುದರಲ್ಲಿ ಅವಳಿಗಿದ್ದ ಸಲೀಸು ಕಂಡು ಜೊತೆಯವರು ಅವಳನ್ನು ಕಲ್ಲುರತ್ನ ಎನ್ನುತ್ತಿದ್ದರು. ದೊಡ್ಡ ಕುರ್ಚಿಯ ಮನುಷ್ಯರೊಬ್ಬರು ಮೊಮ್ಮಗನ ನೆಗಡಿಗೆ ಸರ್ವಾಸಿನ್ ಬೇಕೆಂದು ಖುದ್ದಾಗಿ ಫೋನು ಮಾಡಿದಾಗ ಅವಳು ಪಾಠವನ್ನೇ ಒಪ್ಪಿಸಿದ್ದಳು.

"ಸಾರ್, ಬ್ಯಾಕ್ಟೀರಿಯಾದ ಒಡಲಲ್ಲಿ ಪ್ರೋಟೀನು ನೇಯೋ ಸಣ್ಣ ಸಣ್ಣ ಮಗ್ಗ ಇರ್ತವೆ. ಈ ಮದ್ದು ಹೋಗಿ ಆ ಮಗ್ಗಕ್ಕೆ ಕಡ್ಡಿ ಸಿಕ್ಕಿಸುತ್ತೆ. ಬ್ಯಾಕ್ಟೀರಿಯಾ ಯಾವ ಜಾತೀದಾದ್ರೂ ಮಗ್ಗ ಹೆಚ್ಚುಕಮ್ಮಿ ಒಂದೇ ಥರ, ಅದಕ್ಕೇ ಇದು ಎಲ್ಲದರ ಮೇಲೂ ನಡೆಯುತ್ತೆ. ನೆಗಡಿ ತರೋದು ವೈರಾಣು. ಅದಕ್ಕೆ ಸ್ವಂತ ಮಗ್ಗಾನೇ ಇಲ್ಲ. ಕಡ್ಡಿ ಎಲ್ಲಿಗೆ ಸಿಕ್ಕಿಸಲಿ? ಮಗೂಗೆ ಬಿಸಿನೀರು ಕುಡಿಸಿ."

ಹೀಗೆ ಹೇಳಿ ಫೋನಿಟ್ಟ ದಿನ ಅವಳಿಗೆ ಊಟ ರುಚಿಸಿತ್ತು. ತಾನು ಕಾಯುತ್ತಿರುವುದು ಇಡೀ ನಾಡಿನ ಕೊನೆಯ ಗುರಾಣಿ ಎಂಬ ಹೆಮ್ಮೆ ಅವಳದು. ಆ ಹೆಮ್ಮೆ ಒಂದು ಬೆಳಿಗ್ಗೆ, ಅವಳ ಮನೆಯವರ ಹೆಸರಿನಲ್ಲೇ ಬಂದು ಕೆನ್ನೆಗೆ ಬಾರಿಸಿತು.

ಪರದೆಯ ಮೇಲೆ ಅವಳದೇ ಸೀಮೆಯ ಆಸ್ಪತ್ರೆಯ ವೈದ್ಯೆ ಡಾ. ತಬಸ್ಸುಮ್ ಕಾಣಿಸಿಕೊಂಡಳು. "ಮೇಡಂ, ಬಾಣಂತಿ. ನೋವು ದಿಢೀರಂತ ಬಂದು ಮನೇಲೇ ಹೆರಿಗೆ ಆಗಿದೆ. ಈಗ ವಿಪರೀತ ಜ್ವರ, ಬಿ.ಪಿ. ಇಳೀತಿದೆ. ಹೆಸರು ವನಜ, ಗಂಡ ಮುನಿಕೃಷ್ಣ, ಗೊಲ್ಲಮುದ್ದನಹಳ್ಳಿ."

ಮುನಿಕೃಷ್ಣ ಗಂಗರತ್ನಳ ಒಡಹುಟ್ಟಿದ ತಮ್ಮ. ತಾಯಿಯಿಲ್ಲದ ವನಜಳಿಗೆ ಬಾಣಂತನ ಗಂಡನ ಮನೆಯಲ್ಲೇ ನಡೆಯಲೆಂದು ತೀರ್ಮಾನವಾಗಿತ್ತು. ಹತ್ತಿರದ ಸಂಬಂಧಿಗಳ ಅರ್ಜಿಗೆ ತಾವೇ ಬೆರಳೊತ್ತಬಾರದೆಂಬ ನಿಯಮವಿದ್ದುದರಿಂದ ಗಂಗರತ್ನ ಪಕ್ಕದ ಮೇಜಿನ ತಜ್ಞ ಲೋಬೋನ ಕಡೆ ತಿರುಗಿದಳು. ಅವನು ಪರದೆ ನೋಡಿದ, ಅವಳ ಮುಖ ನೋಡಿದ, ಬೆರಳೊತ್ತಿದ.

ಇದರಲ್ಲಿ ತಪ್ಪೇನೂ ಇರಲಿಲ್ಲ. ನೆತ್ತರಿಗೆ ನಂಜೇರಿದಾಗ ಯಾವ ರೋಗಾಣು ಎಂದು ವಿಚಾರಿಸುತ್ತ ಕೂತರೆ ರೋಗಿ ಕೈತಪ್ಪುತ್ತಾಳೆ. ಗುರುತು ಸಿಗುವ ಮುನ್ನ ಎಲ್ಲದಕ್ಕೂ ಬೀಳುವಂತೆ ಒಂದೇಟು ಹಾಕಬೇಕು. ಅಂಥ ಹೊತ್ತಿಗೆಂದೇ ಸರ್ವಾಸಿನ್ ಇದ್ದದ್ದು. ಹೊಡೆದಾದ ಮೇಲೆ ಗುರುತು ಹಿಡಿದು, ಆ ಒಂದು ರೋಗಾಣುವಿಗೆ ತಕ್ಕ ಸಣ್ಣ ಮದ್ದಿಗೆ ಇಳಿಯಬೇಕು. ಗುರುತು ಹಿಡಿಯಲು ಪ್ರತಿ ಆಸ್ಪತ್ರೆಗೂ ಒಂದು ಯಂತ್ರ ಕೊಟ್ಟಿದ್ದರು. ಒಂದು ತೊಟ್ಟು ನೆತ್ತರು ಕೊಟ್ಟರೆ ರೋಗಾಣುವಿನ ಕುಲ ಯಾವುದು, ಅದಕ್ಕೆ ಯಾವ ಮದ್ದಿನಿಂದ ಮರಣ ಎಂದು ಹೇಳುತ್ತಿದ್ದ ಅದನ್ನು ನರ್ಸುಗಳೆಲ್ಲ ಜಾತಕದ ಯಂತ್ರ ಎಂದೇ ಕರೆಯುತ್ತಿದ್ದರು.

ಗಂಗರತ್ನ ಕಾರು ಹತ್ತಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮದ್ದು ವನಜಳ ಮೈಸೇರಿತ್ತು. ಜ್ವರ ಮಾತ್ರ ಇಳಿದಿರಲಿಲ್ಲ. ಹುಡುಗಿ ಕಣ್ಣು ಅರೆತೆರೆದು ಏನೇನೋ ಬಡಬಡಿಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ತಬಸ್ಸುಮ್ ಯಂತ್ರದ ಕೋಣೆಯಿಂದ ಬಂದಳು.

"ಮೇಡಂ, ಸ್ಟ್ರೆಪ್ಟೋಕಾಕಸ್. ಸರ್ವಾಸಿನ್‌ಗೆ ಬಗ್ಗಲ್ವಂತೆ."

"ಯಂತ್ರ ಕೆಟ್ಟಿರಬೇಕು. ಇನ್ನೊಂದು ಸಲ ಹಾಕು."

"ಎರಡು ಸಲ ಹಾಕ್ದೆ."

ಗಂಗರತ್ನಳಿಗೆ ನಂಬಿಕೆ ಬರಲಿಲ್ಲ. ಮದ್ದಿಗೆ ಬಗ್ಗದಿರುವುದನ್ನು ಯಾವ ರೋಗಾಣುವೂ ಒಂದೇ ದಿನದಲ್ಲಿ ಕಲಿಯುವುದಿಲ್ಲ. ಅರೆಬರೆ ಏಟು ಮತ್ತೆ ಮತ್ತೆ ಬಿದ್ದು, ಸತ್ತವು ಸತ್ತು, ತಪ್ಪಿಸಿಕೊಂಡವು ಬಲಿಯಬೇಕು. ಹಾವನ್ನು ಅರೆಜೀವ ಮಾಡಿ ಬಿಡಬಾರದೆಂದು ಹಳ್ಳಿಯವರು ಹೇಳುವುದು ಇದಕ್ಕೂ ಸಲ್ಲುತ್ತದೆ. ಆದರೆ ಆ ತಾಲ್ಲೂಕಿನಲ್ಲಿ ವರ್ಷದಿಂದೀಚೆಗೆ ಒಬ್ಬ ಮನುಷ್ಯನಿಗೂ ಸರ್ವಾಸಿನ್ ಕೊಟ್ಟಿರಲಿಲ್ಲ. ಕೊಡಗೊಡದೆ ಇದ್ದವಳು ತಾನೇ. ಹಾಗಾದರೆ ಈ ರೋಗಾಣು ಪಾಠ ಕಲಿತದ್ದು ಯಾರ ಶಾಲೆಯಲ್ಲಿ?

ಮುನಿಕೃಷ್ಣ ಅವಳ ಕೈ ಹಿಡಿದುಕೊಂಡ. ಕಣ್ಣು ಕೆಂಪಾಗಿತ್ತು. "ಅಕ್ಕಾ, ಇನ್ನೊಂದು ಸೀಸೆ ಆಕ್ಸಕ್ಕಾ. ಡಬ್ಬಿ ನಿನ್ನ ಕೈಯಾಗೇ ಐತಲ್ಲ. ಊರೋರ್ಗೆಲ್ಲ ಇಲ್ಲ ಅಂದೆ ಸರಿ, ಮನೆಯೋರ್ಗೂ ಇಲ್ಲ ಅಂತೀಯಾ?"

"ಇಲ್ಲ ಕಣೋ. ಇದು ಆ ಮದ್ದಿಗೆ ಸಾಯಲ್ಲ. ಹೊಟ್ಟೇಲಿ ನಮಗೆ ಒಳ್ಳೇದು ಮಾಡೋ ಜೀವಾಣು ಕೋಟ್ಯಂತರ ಇರ್ತವೆ. ಇನ್ನೊಂದು ಸೀಸೆ ಹಾಕಿದ್ರೆ ಅವೆಲ್ಲ ಸತ್ತು ಇದೊಂದಕ್ಕೆ ಜಾಗ ಬಿಟ್ಟುಕೊಡ್ತವೆ. ಪೈರೆಲ್ಲ ಕಿತ್ತು ಕಳೆ ಉಳಿಸಿದಂಗಾಗುತ್ತೆ."

"ನಿನ್ನ ಪಾಠ ಯಾರಿಗ್ ಬೇಕು! ಅವ್ಳು ಸತ್ರೆ ಕೂಸಿಗ್ಯಾರು ದಿಕ್ಕು?" ಎಂದು ಅವನು ಕೈ ಕೊಡವಿ ಗೋಡೆಗೆ ಮುಖಮಾಡಿ ನಿಂತ. ಆದರೂ ಗಂಗರತ್ನ ಬಗ್ಗಲಿಲ್ಲ.

ಜಾತಕ ಇನ್ನೊಂದು ಮಾತು ಹೇಳಿತ್ತು. ಈ ರೋಗಾಣು ಪೆನಿಸಿಲಿನ್‌ಗೆ ಸಾಯುತ್ತದೆ. ಸರ್ವಾಸಿನ್ ಎಲ್ಲ ಜಾತಿಯ ಮೇಲೂ ಕೈಮಾಡುವ ದೊಡ್ಡ ಪೈಲ್ವಾನ; ಮುತ್ತಜ್ಜನ ಕಾಲದ ಪೆನಿಸಿಲಿನ್ ಕೆಲವೇ ಜಾತಿಯನ್ನು ಹುಡುಕಿಕೊಂಡು ಹೋಗಿ, ಅವುಗಳ ಗೋಡೆಯನ್ನೇ ಕೆಡವಿ ಕೊಲ್ಲುವಂಥದು. ಅಗ್ಗದ ಮದ್ದು, ಲಾಭವಿಲ್ಲದ ಮದ್ದು. ಹಾಗಾಗಿ ತಯಾರಿಸುವವರೇ ನಿಲ್ಲಿಸಿದ್ದರು. ಜೀವ ಉಳಿಸುವ ವಸ್ತು ಅಗ್ಗವಾಗಿದ್ದರೆ ಅದು ಸಿಗಲೇಬಾರದೆಂದು ಯಾರು ಬರೆದಿಟ್ಟರೋ, ಅವರ ಮನೆ ಹಾಳಾಗ!

ಲೋಬೋ ಬೆಂಗಳೂರಿನಿಂದ ಕಂಡಕಂಡವರಿಗೆ ಫೋನು ಮಾಡಿ ಕೊನೆಗೆ ಚಿಕ್ಕಬಳ್ಳಾಪುರದ ಒಂದು ಸಣ್ಣ ಚಿಕಿತ್ಸಾಲಯ ಹಿಡಿದ. ಕೀಲುಜ್ವರದಿಂದ ಹೃದಯ ಹಾಳಾದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅವರು ಹೇಗೋ ಹೊರದೇಶದಿಂದ ಪೆನಿಸಿಲಿನ್ ತರಿಸಿಟ್ಟುಕೊಂಡಿದ್ದರು. ಮಕ್ಕಳಿಗೆಂದು ಇಟ್ಟದ್ದರಲ್ಲಿ ಅರ್ಧ ಕೊಡಲು ಒಪ್ಪಿ, ಆಂಬುಲೆನ್ಸ್‌ನಲ್ಲಿ ಕಳಿಸಿದರು. ಅದು ಬರುವತನಕ ಮಾಡಲು ಬೇರೇನೂ ಇರಲಿಲ್ಲ. ಕೂಸಿನ ಸ್ಥಿತಿ ನೋಡಿಬರೋಣವೆಂದು ಗಂಗರತ್ನ ಮನೆಗೆ ಹೋದಳು.

ಮನೆಯ ಪಡಸಾಲೆಯಲ್ಲಿ ಕೂಸು ತೊಟ್ಟಿಲಲ್ಲಿ ಮಲಗಿತ್ತು. ಗಂಗರತ್ನಳ ತಾಯಿ ನಂಜಮ್ಮ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಮುಂದೆ ಕೂತಿದ್ದಳು. ಹುಳು ನಾಲ್ಕನೇ ಜ್ವರ ಎದ್ದಿದ್ದವು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಆ ಕಡೆಯವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಅವು ತಿನ್ನುವ ಪರಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು. ಮನೆಯಲ್ಲಿ ಸಾವು ಬದುಕಿನ ಪ್ರಶ್ನೆಯಿದ್ದರೂ ಹುಳು ಹಸಿವನ್ನು ಮುಂದೂಡುವುದಿಲ್ಲ. ನಂಜಮ್ಮ ಬಕೆಟ್ಟಿನ ಗುಲಾಬಿ ಬಣ್ಣದ ನೀರನ್ನು ಬರಿಗೈಯಲ್ಲಿ ಕಲಕಿ ಸೊಪ್ಪಿನ ಮೇಲೆ ಎರಚುತ್ತಿದ್ದಳು.

ಸುಟ್ಟ ಮೆಂತ್ಯದಂಥ ವಾಸನೆ ಗಂಗರತ್ನಳ ಮೂಗಿಗೆ ಬಡಿಯಿತು. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಉಸಿರಾಡಿದ ಸರ್ವಾಸಿನ್ ವಾಸನೆ ಅದು.

"ಅಮ್ಮಾ, ಏನದು?"

"ಉಳುಸಿರಿ ಕಣಮ್ಮ. ಟಾನಿಕ್ಕು. ಸಪ್ಪೆ ರೋಗ ಬರಬಾರ್ದು ಅಂತ ಈಗ ಎಲ್ಲಾರೂ ಒಡೀತಾರೆ. ಸುಣ್ಣಕಟ್ಟು, ಹಾಲುತೊಂಡೆ, ಎಲ್ಲಾಕೂ ಇದೇ ಅಂತ ಕಂಪನಿಯೋರು ಹೇಳವ್ರೆ."

ಹುಳು ಮೆತ್ತಗಾಗಿ ಸಾಯುವ ಸಪ್ಪೆ ರೋಗವೇನೋ ಬ್ಯಾಕ್ಟೀರಿಯಾದ್ದು. ಸುಣ್ಣಕಟ್ಟು ಬೂಷ್ಟಿನಿಂದ ಬರುವಂಥದು, ಹಾಲುತೊಂಡೆ ವೈರಾಣುವಿನದು. ಎರಡಕ್ಕೂ ಈ ಮದ್ದು ನೀರಿಗೆ ಸಮ. ಗಂಗರತ್ನ ಅದನ್ನು ಹೇಳಲಿಲ್ಲ. "ದಿನಾ ನೀನೇ ಕಲಸೋದಾ?" ಎಂದಳು.

"ಇಲ್ಲ, ವನಜಾನೇ ಕಲಸ್ತಿದ್ಲು. ಬಸುರಿ ಉಳುಮನೆ ಹೊಸಿಲು ದಾಟಂಗಿಲ್ಲ, ಬಾಣಂತಿ ದಾಟಂಗಿಲ್ಲ, ಉಳಕ್ಕೆ ಮೈಲಿಗೆ ಆಯ್ತದೆ. ನಿಂಗೊತ್ತಿಲ್ವಾ ಈ ಮನೆ ಕಟ್ಟಳೆ? ಅದ್ಕೇ ಜಗಲಿ ಮ್ಯಾಲೆ ಕೂತ್ಕಂಡು ಮಾಡೋ ಹಗುರ ಕೆಲ್ಸ ಅಂತ ಇದ್ನ ಕೊಟ್ವಿ. ಪಾಪ, ಬಸುರಾದಾಗ್ನಿಂದ ಒಂದ್ ದಿನಾನೂ ತಪ್ಪಿಸ್ನಿಲ್ಲ. ಇಲ್ಲೇ ಕಲಸ್ತಿದ್ಲು, ಇಲ್ಲೇ ರೊಟ್ಟಿ ತಿಂತಿದ್ಲು."

ಗಂಗರತ್ನ ಬಕೆಟ್ಟಿನೊಳಕ್ಕೆ ಬಗ್ಗಿ ನೋಡಿದಳು. ಹುಳುವಿಗೆ ಮೈಲಿಗೆಯಾಗಬಾರದೆಂದು ಹೊರಗೆ ಕೂರಿಸಿದ ಹುಡುಗಿಯ ಕೈಗೇ ಬಕೆಟ್ಟು ಕೊಟ್ಟಿದ್ದರು. ಪ್ರೀತಿಯಿಂದಲೇ ಕೊಟ್ಟಿದ್ದರು. ಬೆರಳಲ್ಲಿ, ಗಂಟಲಲ್ಲಿ, ತುತ್ತಿನಲ್ಲಿ ದಿನವೂ ಚೂರುಚೂರು ಮದ್ದು. ರೋಗಾಣು ಸಾಯುವಷ್ಟಲ್ಲ, ಕಲಿಯುವಷ್ಟು. ಶಾಲೆ ಯಾವುದೆಂದು ಈಗ ತಿಳಿಯಿತು. ಅವಳು ತಾಯಿಯ ಕೈಯಿಂದ ಬಕೆಟ್ಟು ಕಿತ್ತುಕೊಂಡು, ಕೈ ಸೋಪು ಹಾಕಿ ತೊಳೆಸಿ, ನಾಲ್ಕು ಎಲೆಗಳನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

"ಉಳ ಉಪಾಸ ಕೆಡವ್ತೀಯೇನೇ?" ಎಂದು ನಂಜಮ್ಮ ಹಿಂದಿನಿಂದ ಕೂಗಿದಳು.

"ತೊಳೆದ ಸೊಪ್ಪು ಹಾಕು. ಸತ್ತರೆ ಸಾಯಲಿ" ಎಂದಳು ಗಂಗರತ್ನ. ಹೇಳಿದ ಮೇಲೆ, ಆ ಹುಳುವಿನ ದುಡಿಮೆಯಲ್ಲೇ ತಾನು ಓದಿದ್ದು ನೆನಪಾಯಿತು.

ಆಸ್ಪತ್ರೆಗೆ ಪೆನಿಸಿಲಿನ್ ಬಂದಿತ್ತು. ತಬಸ್ಸುಮ್ ಅದನ್ನು ವನಜಳ ನರಕ್ಕೆ ಏರಿಸುತ್ತಿದ್ದಾಗ ಗಂಗರತ್ನ ಪ್ರಯೋಗಾಲಯದಲ್ಲಿ ಎರಡು ತಟ್ಟೆ ತೆಗೆದುಕೊಂಡಳು. ರೋಗಾಣು ಬೇಗ ಬೆಳೆಯಲೆಂದೇ ತಯಾರಿಸಿದ ಮೇವು ಅವುಗಳಲ್ಲಿತ್ತು. ಒಂದರಲ್ಲಿ ಸಾಮಾನ್ಯ ರೋಗಾಣು ಬಿತ್ತಿದಳು, ಇನ್ನೊಂದರಲ್ಲಿ ವನಜಳ ನೆತ್ತರಿನದು. ಪ್ರತಿ ತಟ್ಟೆಯ ನಡುವೆಯೂ ಮನೆಯ ಜಗಲಿಯಿಂದ ತಂದ ಒಂದೊಂದು ಎಲೆ ಇಟ್ಟು ಮುಚ್ಚಿದಳು.

ಮರುದಿನ ಮುಚ್ಚಳ ತೆಗೆದು ಮೊದಲ ತಟ್ಟೆಯ ಎಲೆ ಎತ್ತಿದಾಗ ಬಿಳಿ ಪೊರೆಯ ನಡುವೆ ಎಲೆಯಾಕಾರದ ಬೋಳು ಬಯಲಿತ್ತು. ತೊಟ್ಟು, ಅಂಚಿನ ಹಲ್ಲು, ತುದಿಯ ಮೊನೆ ಎಲ್ಲವೂ ಅಚ್ಚೊತ್ತಿದಂತೆ ಮೂಡಿತ್ತು. ಎರಡನೆಯ ತಟ್ಟೆಯಲ್ಲಿ ಎಲೆಯೇ ಕಾಣುತ್ತಿರಲಿಲ್ಲ. ರೋಗಾಣು ಅದರ ಮೇಲೆಯೇ ಹಾಸಿಕೊಂಡು ಬೆಳೆದಿತ್ತು. ತಬಸ್ಸುಮ್ ಇಣುಕಿ ನೋಡಿ "ಯಾ ಅಲ್ಲಾ" ಎಂದಳು.

ಬೀಗ ಹಾಕಿದ್ದು ಮನುಷ್ಯರ ಸೀಸೆಗೆ ಮಾತ್ರ. ಕಾನೂನಿನಲ್ಲಿ 'ಮಾನವ ಬಳಕೆ' ಎಂಬ ಎರಡು ಪದ ಸೇರಿಸಿ, ಆ ಪದಗಳ ಸಂದಿಯಲ್ಲಿ ಕಂಪನಿ ಅದೇ ಮದ್ದಿಗೆ ಗುಲಾಬಿ ಬಣ್ಣ ಬೆರೆಸಿ ಹೊರಗೆ ಬಿಟ್ಟಿತ್ತು. ಕೊಠಡಿಯವರು ಸೀಸೆಯಲ್ಲಿ ಅಳೆದು, ಅತ್ತು ಬೇಡಿಕೊಂಡವರಿಗೂ ಇಲ್ಲವೆಂದು, ನೆಂಟರನ್ನೂ ನಿಷ್ಠುರ ಮಾಡಿಕೊಂಡು ಕಾಯುತ್ತಿದ್ದದ್ದನ್ನು ಕಂಪನಿಯವರು ಲಾರಿಗಟ್ಟಲೆ ಸೊಪ್ಪಿಗೆ ಸುರಿಸುತ್ತಿದ್ದರು. ಗಂಗರತ್ನ ಆವತ್ತು ಅಳಲಿಲ್ಲ. ಅವಳಿಗೆ ಬಂದದ್ದು ಸಿಟ್ಟು. ಎಷ್ಟು ಜನರಿಗೆ 'ಇಲ್ಲ' ಎಂದಿದ್ದಳೋ ಅವರೆಲ್ಲರ ಮುಖ ಕಣ್ಣಮುಂದೆ ಸುಳಿದು, ತನ್ನನ್ನು ಬಾಗಿಲಿಲ್ಲದ ಮನೆಯ ಬೀಗಕ್ಕೆ ಕಾವಲಿಟ್ಟಿದ್ದರಲ್ಲ ಎಂದು ಮೈಯೆಲ್ಲ ಉರಿಯಿತು.

ವನಜಳ ಜ್ವರ ನಿಧಾನವಾಗಿ ಇಳಿಯಿತು. ಮಾತಾಡುವಷ್ಟು ಶಕ್ತಿ ಬಂದ ದಿನ ಅವಳು ಕೇಳಿದ ಮೊದಲ ಪ್ರಶ್ನೆ ಕೂಸಿನದು, ಎರಡನೆಯದು ಹುಳುವಿನದು. ಅರ್ಧ ಹುಳು ಸಪ್ಪೆ ರೋಗಕ್ಕೆ ಹೋಗಿದ್ದವು. ಅಳಿದುಳಿದವು ಗೂಡು ಕಟ್ಟಿದ್ದವು. ಮುನಿಕೃಷ್ಣ ಅಕ್ಕನ ಎದುರು ಬಂದು ನಿಂತು "ಕಾಫಿ ಕುಡೀತೀಯಾ ಅಕ್ಕಾ" ಎಂದ. ಅವಳು ಕುಡಿದಳು.

ಗಂಗರತ್ನ ದೂರು ಕೊಟ್ಟ ಮೇಲೆ, ಸರ್ವಾಸಿನ್‌ಗೆ ಬೀಗ ಹಾಕಿಸಿದ್ದ ಔಷಧ ಮೀಸಲು ಸಮಿತಿ ವಿಚಾರಣೆಗೆ ಕರೆಯಿತು. ಅಧ್ಯಕ್ಷರು ಚಂದ್ರಮೌಳಿ ಎಂಬ ನಿವೃತ್ತ ಅಧಿಕಾರಿ. ಎದುರಿಗೆ ಕಂಪನಿಯ ಪ್ರತಿನಿಧಿ, ಗರಿಗರಿ ಅಂಗಿಯವನು. ಗಂಗರತ್ನ ಒಬ್ಬಳೇ ಹೋಗಲಿಲ್ಲ. "ನಂಗೆ ಏನಾಯ್ತೂಂತ ನಾನೇ ಹೇಳ್ತೀನಿ" ಎಂದು ಹಟಹಿಡಿದ ವನಜ ಕೂಸನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಳು. ಕಾಲಬುಡದಲ್ಲಿ ಒಂದು ಬಟ್ಟೆಚೀಲ.

"ಮಾನವ ಬಳಕೆ ಅರ್ಧಕ್ಕರ್ಧ ಇಳಿದಿದೆ. ನಿಮ್ಮ ಕೊಠಡಿಗೆ ಅಭಿನಂದನೆ" ಎಂದು ಅಧ್ಯಕ್ಷರು ಶುರುಮಾಡಿದರು.

ಗಂಗರತ್ನ ತಟ್ಟೆಗಳ ಚಿತ್ರಗಳನ್ನು ತೋರಿಸಿದಳು. ಎಲೆಯಾಕಾರದ ಬಯಲನ್ನು ಅಧ್ಯಕ್ಷರು ಕನ್ನಡಕ ಏರಿಸಿ ನೋಡಿ, "ಚೆನ್ನಾಗಿ ಬಂದಿದೆ" ಎಂದರು, ಯಾರದೋ ಮದುವೆಯ ಫೋಟೋ ನೋಡಿದ ಹಾಗೆ.

"ಅದು ಸರ್ವಾಸಿನ್ ಅಲ್ಲ, ಹುಳುಸಿರಿ. ಕೃಷಿ ಉತ್ಪನ್ನ" ಎಂದ ಕಂಪನಿಯವನು.

"ಎರಡೂ ಒಂದೇ ಅಣು."

"ಹೆಸರು ಬೇರೆ, ಪರವಾನಗಿ ಬೇರೆ. ಅಲ್ಲದೆ ಬಹಳ ಸೌಮ್ಯವಾದ ಪ್ರಮಾಣ. ಪೂರ್ತಿ ನಿರಪಾಯಕಾರಿ."

"ಸೌಮ್ಯವಾಗಿರೋದೇ ಅಪಾಯ!" ಗಂಗರತ್ನಳ ಧ್ವನಿ ಏರಿತು. "ಪೂರ್ತಿ ಕೊಂದಿದ್ರೆ ಒಂದು ಲೆಕ್ಕ. ನೀವು ಪಳಗಿಸ್ತಿದ್ದೀರಿ. ಇನ್ನು ಕೆಲವೇ ವರ್ಷಕ್ಕೆ ನಮ್ಮ ಡಬ್ಬಿಯಲ್ಲಿರೋದು ಬಣ್ಣವಿಲ್ಲದ ನೀರು, ಅಷ್ಟೇ. ಆಮೇಲೆ ಬಾಣಂತಿಯರಿಗೆ, ಆಪರೇಷನ್ ಆದವರಿಗೆ ಏನು ಕೊಡ್ತೀರಿ? ಹುಳುವಿಗೂ ಅಷ್ಟೇ. ಮನೆ ಚೊಕ್ಕ ಇಟ್ಟು, ಸುಣ್ಣ ಹಾಕಿ, ಒಳ್ಳೇ ಸೊಪ್ಪು ಕೊಟ್ಟು ಸಾಕುವ ದಾರಿ ಇದೆ."

ಅಧ್ಯಕ್ಷರು ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಗಂಟಲು ಸರಿಮಾಡಿಕೊಂಡರು. "ಹುಳು ನಮ್ಮ ವ್ಯಾಪ್ತಿಗೆ ಬರೋದಿಲ್ಲ, ಅದು ಬೇರೆ ಇಲಾಖೆ. ಆದರೂ ಮಾನವೀಯ ದೃಷ್ಟಿಯಿಂದ ಒಂದು ಸೂಚನೆ ಕೊಡೋಣ. ಕ್ಯಾನಿನ ಮೇಲೆ 'ಗರ್ಭಿಣಿಯರು ಮುಟ್ಟಬಾರದು' ಅಂತ ಅಚ್ಚು ಹಾಕಲಿ. ಸಾಕಲ್ಲವೇ?"

ಕಂಪನಿಯವನು ಸಂತೋಷದಿಂದ ತಲೆಯಾಡಿಸಿದ. ಗಂಗರತ್ನಳಿಗೆ ಹುಳುಮನೆಯ ಹೊಸಿಲು ನೆನಪಾಯಿತು. ಮತ್ತೆ ಹೆಣ್ಣಿಗೇ ಮುಟ್ಟಬೇಡ ಎನ್ನುವ ಕಟ್ಟಳೆ. ಮದ್ದು ಮಾತ್ರ ಎಲ್ಲಿ ಬೇಕಾದರೂ ಓಡಾಡಿಕೊಂಡಿರಬಹುದು.

ವನಜ ಎದ್ದಳು. ಕೂಸನ್ನು ಗಂಗರತ್ನಳ ಕೈಗೆ ಕೊಟ್ಟು, ಬಟ್ಟೆಚೀಲದಿಂದ ಒಂದು ಪ್ಲಾಸ್ಟಿಕ್ ಕ್ಯಾನು ತೆಗೆದಳು. ಅರ್ಧ ತುಂಬಿದ ಗುಲಾಬಿ ಟಾನಿಕ್ಕು, ಮೈಗೆಲ್ಲ ಸೋರಿ ಒಣಗಿದ ಅಂಟು. ನಡೆದುಹೋಗಿ ಅದನ್ನು ಅಧ್ಯಕ್ಷರ ಮುಂದಿನ ಗಾಜಿನ ಮೇಜಿನ ಮೇಲೆ ಇಟ್ಟಳು. ಅವರ ಕಾಫಿ ಲೋಟದ ಪಕ್ಕದಲ್ಲೇ ಇಟ್ಟಳು.

"ಏನಮ್ಮ ಇದು?"

"ಉಳದ ಔಸ್ದಿ ಸಾರ್. ನಿರಪಾಯ ಅಂತಾರಲ್ಲ, ಅದೇ. ನೀವೇನು ಬಸುರಿ ಅಲ್ವಲ್ಲ. ಮುಟ್ಟಿ ಸಾರ್."

ಅಧ್ಯಕ್ಷರು ನಗಲು ನೋಡಿದರು. ಆದರೆ ಅವರ ಎರಡೂ ಕೈ ಮೇಜಿನ ಕೆಳಗೆ ಹೋಗಿದ್ದವು. ವನಜ ಕಂಪನಿಯವನ ಕಡೆ ತಿರುಗಿದಳು.

"ನೀವಾರ ಮುಟ್ಟಿ. ನಾನು ಒಂಬತ್ತು ತಿಂಗ್ಳು ಬರಿಗೈಯಾಗೆ ಕಲಸಿವ್ನಿ, ನೀವು ಒಂದ್ಸಲ ಮುಟ್ಟಿ."

ಅವನು ಕುರ್ಚಿಯನ್ನು ಹಿಂದಕ್ಕೆ ಸರಿಸಿ, "ಪ್ರೋಟೋಕಾಲ್ ಪ್ರಕಾರ ಕೈಗವಸು ಬೇಕು" ಎಂದ. ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೇ ಗೊತ್ತಾಗಿ, ಮುಖ ತಿರುಗಿಸಿದ. ಸುಟ್ಟ ಮೆಂತ್ಯದ ವಾಸನೆ ಮೆಲ್ಲಗೆ ಹರಡುತ್ತಿತ್ತು.

"ಇದನ್ನ ತೆಗೆಯಪ್ಪ" ಎಂದು ಅಧ್ಯಕ್ಷರು ಜವಾನನನ್ನು ಕರೆದರು. ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವನು ಕ್ಯಾನು ನೋಡಿದ, ವನಜಳನ್ನು ನೋಡಿದ.

"ನಾನು ಮುಟ್ಟಲ್ಲ ಸಾರ್" ಎಂದ. "ನನ್ ಹೆಂಡ್ತೀನೂ ಬಸುರಿ."

ವನಜ ಕೂಸನ್ನು ವಾಪಸು ತೆಗೆದುಕೊಂಡು ಸೆರಗು ಸರಿಮಾಡಿಕೊಂಡಳು. "ನಡೀರಿ ಅಕ್ಕಾ, ಇದ್ಕೆ ಹಾಲು ಕುಡಿಸ್ಬೇಕು" ಎಂದಳು. ಇಬ್ಬರೂ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ಜವಾನ ಬಂದು, ಮೇಜಿನ ಮೇಲೆ ಕ್ಯಾನು ಹಾಗೇ ಉಳಿದಿದ್ದ ಕೋಣೆಯ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದ. ತಾಂತ್ರಿಕ ಕಾರಣದಿಂದ ಸಮಿತಿಯ ಸಭೆಯನ್ನು ಪಕ್ಕದ ಕೋಣೆಗೆ ಬದಲಾಯಿಸಲಾಗಿದೆ ಎಂದು ಅದರಲ್ಲಿ ಬರೆದಿತ್ತು.